ಗೊತ್ತಿಲ್ಲದ ಇಂಗ್ಲಿಷ್ ಪದ ಕಲಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪಿಯುಸಿಗೆ ಸೈನ್ಸ್ ತೆಗೆದುಕೊಂಡೆ. ಮೊದಲ ಫಿಸಿಕ್ಸ್ ಟೆಸ್ಟಿನಲ್ಲಿ ಒಂದು ಸುಲಭದ ಲೆಕ್ಕ ಬಂದಿತ್ತು. ಎರಡು ಕಬ್ಬಿಣದ ತುಂಡುಗಳ ದ್ರವ್ಯರಾಶಿ 2 ಕೆಜಿ ಮತ್ತು 3 ಕೆಜಿ, ಕೊನೆಗೆ 'ರೆಸ್ಪೆಕ್ಟಿವ್‌ಲಿ' ಅಂತ ಒಂದು ಪದ. ರೆಸ್ಪೆಕ್ಟ್ ಅಂದರೆ ಗೌರವ ಅಂತ ಗೊತ್ತಿತ್ತು. ಕಬ್ಬಿಣಕ್ಕೂ ಗೌರವಕ್ಕೂ ಏನು ಸಂಬಂಧ ಅಂತ ತಿಳಿಯದೆ ಲೆಕ್ಕವನ್ನೇ ಬಿಟ್ಟೆ. ಅದರ ಅರ್ಥ 'ಕ್ರಮವಾಗಿ' ಅಷ್ಟೇ. ಕನ್ನಡದಲ್ಲಿ ಅಂಥ ಲೆಕ್ಕಗಳನ್ನು ನೂರು ಸಲ ಮಾಡಿದ್ದೆ.

ಈಗ ಅದೇ ದಾರಿಯಲ್ಲಿ ಬರುವ ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರು, ಅವರ ಮನೆಯವರು, ಕೆಲಸಕ್ಕೆ ಹೋಗುವ ದೊಡ್ಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಇಂಗ್ಲಿಷ್ ಪದಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಸ್ಪೆಲ್ಲಿಂಗ್ ಬೇಕಾದಾಗ ಡಿಕ್ಷನರಿ ತೆರೆಯಿರಿ, ನಿಮ್ಮ ಕೈಯಿಂದಲೇ ಬರೆದುಕೊಳ್ಳಿ. ಅದೂ ಕಲಿಕೆಯೇ.

ಪದದ ಕನ್ನಡ ಅರ್ಥ ಗೊತ್ತಾದರೆ ಸಾಕಲ್ವಾ? ಉದಾಹರಣೆ ವಾಕ್ಯ ಯಾಕೆ ಬೇಕು?

ವಸ್ತುಗಳ ಹೆಸರಿಗಾದರೆ ಸಾಕು. 'ಸ್ಪ್ಯಾರೋ' ಅಂದರೆ ಗುಬ್ಬಿ, ಮುಗಿಯಿತು. ಆದರೆ ಮನಸ್ಸು, ಗುಣ, ಕೆಲಸದ ರೀತಿ ಹೇಳುವ ಪದಗಳಿಗೆ ಒಂದು ಪದದ ಅರ್ಥ ಸಾಲುವುದಿಲ್ಲ.

'ರಿಲಕ್ಟಂಟ್' ಅನ್ನುವ ಪದ ನೋಡಿ. ಕಿಸೆ ಡಿಕ್ಷನರಿಯಲ್ಲಿ 'ಇಷ್ಟವಿಲ್ಲದ' ಅಂತ ಇರುತ್ತದೆ. ಅದನ್ನು ಬಾಯಿಪಾಠ ಮಾಡಿದ ಹುಡುಗ 'ಐ ಆ್ಯಮ್ ರಿಲಕ್ಟಂಟ್ ಆಫ್ ಬ್ರಿಂಜಾಲ್' ಅಂತ ಬರೆದ. ಅವನಿಗೆ ಬದನೆಕಾಯಿ ಇಷ್ಟವಿಲ್ಲ. ಅವನ ಡಿಕ್ಷನರಿ ಪ್ರಕಾರ ವಾಕ್ಯ ಸರಿಯಾಗೇ ಇದೆ! ತಪ್ಪು ಅವನದ್ದಲ್ಲ, ಅವನಿಗೆ ಸಿಕ್ಕ ಅರ್ಧ ಅರ್ಥದ್ದು.

ಈಗ ಇದನ್ನು ನೋಡಿ: 'ಶಿ ವಾಸ್ ರಿಲಕ್ಟಂಟ್ ಟು ಲೀವ್ ಹರ್ ವಿಲೇಜ್.' ಊರು ಬಿಡಲು ಅವಳು ಹಿಂದೇಟು ಹಾಕಿದಳು. ಈ ಒಂದು ವಾಕ್ಯ ಎಷ್ಟು ಹೇಳುತ್ತದೆ ಗಮನಿಸಿ. ಈ ಪದ ತಿನ್ನುವ ವಸ್ತುವಿನ ಬಗ್ಗೆ ಅಲ್ಲ, ಮಾಡಬೇಕಾದ ಕೆಲಸದ ಬಗ್ಗೆ. ಅದರ ಮುಂದೆ 'ಟು' ಮತ್ತು ಒಂದು ಕ್ರಿಯಾಪದ ಬರುತ್ತದೆ. ಅವಳು ಊರು ಬಿಟ್ಟೇ ಇಲ್ಲ ಅಂತ ಈ ವಾಕ್ಯ ಹೇಳುವುದಿಲ್ಲ. ಬಿಟ್ಟಿರಬಹುದು, ಆದರೆ ಒಲ್ಲದ ಮನಸ್ಸಿನಿಂದ. ನೋಡಿ, ಕನ್ನಡದ ಸರಿಯಾದ ಮಾತು ಈಗ ತಾನಾಗೇ ಬಂತು: ಹಿಂದೇಟು ಹಾಕು, ಒಲ್ಲದ ಮನಸ್ಸು. ಇದು ನಮಗೆ ಗೊತ್ತಿರುವ ಭಾವನೆಯೇ. 'ಇಷ್ಟವಿಲ್ಲದ' ಅನ್ನುವ ಸಡಿಲ ಪದ ಅದನ್ನು ಮುಚ್ಚಿಟ್ಟಿತ್ತು.

ಡಿಕ್ಷನರಿಯಲ್ಲಿ ಒಂದು ಪದಕ್ಕೆ ಅಷ್ಟೊಂದು ಬರೆದಿರುತ್ತಾರೆ. ಏನೇನು ಓದಬೇಕು?

ಮೊದಲು ಅದು ನಾಮಪದವೋ, ಕ್ರಿಯಾಪದವೋ, ಗುಣವಾಚಕವೋ ನೋಡಿ. ಆಮೇಲೆ ಅರ್ಥ. ಆಮೇಲೆ ಉದಾಹರಣೆ. ಒಂದಕ್ಕಿಂತ ಜಾಸ್ತಿ ಅರ್ಥ ಇದ್ದರೆ ಎಲ್ಲವನ್ನೂ ಕಲಿಯಲು ಹೋಗಬೇಡಿ. ನೀವು ಪದ ಕಂಡ ವಾಕ್ಯಕ್ಕೆ ಹೊಂದುವ ಒಂದೇ ಒಂದು ಅರ್ಥ ಆರಿಸಿ, ಉಳಿದವು ಇರಲಿ.

ಇದರ ಜೊತೆಗೆ ಸಣ್ಣ ಅಕ್ಷರದಲ್ಲಿ ಒಂದು ಗುರುತು ಇರುತ್ತದೆ. ಫಾರ್ಮಲ್ (ಔಪಚಾರಿಕ), ಇನ್‌ಫಾರ್ಮಲ್ (ಆಡುಮಾತಿನ), ಡಿಸ್‌ಅಪ್ರೂವಿಂಗ್ (ಮೆಚ್ಚದೆ ಹೇಳುವ) ಅಂತ. ಬಹಳ ಜನ ಇದನ್ನು ದಾಟಿ ಹೋಗುತ್ತಾರೆ. ಮನುಷ್ಯರ ಬಗ್ಗೆ ಮಾತಾಡುವಾಗ ಅದೇ ಮುಖ್ಯ. 'ಥ್ರಿಫ್ಟಿ' ಮತ್ತು 'ಸ್ಟಿಂಜಿ' ಎರಡೂ ದುಡ್ಡು ಖರ್ಚು ಮಾಡದವರ ಬಗ್ಗೆಯೇ. ಆದರೆ ಮೊದಲನೆಯದು ಕೈ ಹಿಡಿತ ಇರುವವರಿಗೆ, ಅದು ಮೆಚ್ಚುಗೆ. ಎರಡನೆಯದು ಜಿಪುಣರಿಗೆ, ಅದು ಬೈಗುಳ. 'ಸ್ಲಿಮ್' ಅಂದರೆ ತೆಳ್ಳಗೆ, 'ಸ್ಕಿನಿ' ಅಂದರೆ ಸಣಕಲು. ನಮ್ಮ ಭಾಷೆಯಲ್ಲಿ ಈ ವ್ಯತ್ಯಾಸ ನಮಗೆ ಉಸಿರಾಡಿದಷ್ಟು ಸಲೀಸು. ಯಾರ ಎದುರೂ 'ನೀವು ಸಣಕಲಾಗಿದ್ದೀರಿ' ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ ಅದನ್ನು ಆ ಸಣ್ಣ ಗುರುತು ನೋಡಿಯೇ ತಿಳಿಯಬೇಕು.

ಇಂಗ್ಲಿಷ್-ಕನ್ನಡ ಡಿಕ್ಷನರಿ ಒಳ್ಳೆಯದೋ, ಇಂಗ್ಲಿಷ್-ಇಂಗ್ಲಿಷೋ?

ಎರಡೂ ಬೇಕು. ಆದರೆ ಇಂಗ್ಲಿಷ್-ಇಂಗ್ಲಿಷ್ ತೆಗೆದುಕೊಳ್ಳುವಾಗ ಕಲಿಯುವವರಿಗಾಗಿ ಮಾಡಿದ್ದನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಮಾತೃಭಾಷೆಯವರಿಗೆ ಮಾಡಿದ ಡಿಕ್ಷನರಿಯಲ್ಲಿ ಒಂದು ಕಷ್ಟದ ಪದಕ್ಕೆ ಇನ್ನೂ ಮೂರು ಕಷ್ಟದ ಪದಗಳಲ್ಲಿ ಅರ್ಥ ಕೊಟ್ಟಿರುತ್ತಾರೆ. ಅದನ್ನು ತೆರೆದು ಹೆದರಿ ಮುಚ್ಚಿದ ಎಷ್ಟೋ ಮಕ್ಕಳನ್ನು ನೋಡಿದ್ದೇನೆ.

ಈ ಕಷ್ಟವನ್ನು ಬಗೆಹರಿಸಿದವರ ಕಥೆ ನನಗೆ ಬಹಳ ಇಷ್ಟ, ಯಾಕೆಂದರೆ ಅದರ ಬೇರು ನಮ್ಮ ಉಪಖಂಡದಲ್ಲೇ ಇದೆ. ಮೈಕೆಲ್ ವೆಸ್ಟ್ ಅನ್ನುವವರು ಆಗಿನ ಬಂಗಾಳದ ಢಾಕಾದಲ್ಲಿ ಶಿಕ್ಷಣದ ಕೆಲಸದಲ್ಲಿದ್ದರು. ಬಂಗಾಳಿ ಮಕ್ಕಳು ಇಂಗ್ಲಿಷ್ ಓದಲು ಪಡುವ ಕಷ್ಟವನ್ನು ಹತ್ತಿರದಿಂದ ಕಂಡವರು. 1935ರಲ್ಲಿ ಅವರು ತಂದ ಡಿಕ್ಷನರಿಯಲ್ಲಿ ಎಲ್ಲ ಪದಗಳ ಅರ್ಥವನ್ನೂ ಬರೀ 1,490 ಸುಲಭದ ಪದಗಳಲ್ಲಿ ಬರೆದಿದ್ದರು. ಎ.ಎಸ್. ಹಾರ್ನ್‌ಬಿ ಅನ್ನುವ ಇನ್ನೊಬ್ಬರು ಜಪಾನಿನಲ್ಲಿ ಪಾಠ ಹೇಳುತ್ತಾ ಕಲಿಯುವವರಿಗಾಗಿ ಡಿಕ್ಷನರಿ ಮಾಡಿದರು. ಅದು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಇವತ್ತು ನಾವು ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ಅನ್ನುವುದು ಅದೇ ಬೆಳೆದು ಬಂದದ್ದು. ಲಾಂಗ್‌ಮನ್ ಪ್ರಕಾಶನದವರು 1978ರ ತಮ್ಮ ಡಿಕ್ಷನರಿಯಲ್ಲಿ ಅರ್ಥ ಬರೆಯಲು ಸುಮಾರು 2,000 ಪದಗಳ ಮಿತಿ ಹಾಕಿಕೊಂಡರು. 1987ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕೆಲಸದಿಂದ ಬಂದ ಕಾಲಿನ್ಸ್ ಕೋಬಿಲ್ಡ್ ಇನ್ನೂ ಮುಂದೆ ಹೋಗಿ, ಅರ್ಥವನ್ನೇ ಪೂರ್ತಿ ವಾಕ್ಯವಾಗಿ ಬರೆಯಿತು. ಎದುರಿಗೆ ಕೂತು ಟೀಚರ್ ಹೇಳುವ ಹಾಗೆ: ನೀವು ಒಂದು ಕೆಲಸಕ್ಕೆ ಹಿಂಜರಿಯುತ್ತಿದ್ದರೆ ನಿಮ್ಮನ್ನು 'ರಿಲಕ್ಟಂಟ್' ಅನ್ನುತ್ತಾರೆ, ಅಂತ. ಆಕ್ಸ್‌ಫರ್ಡ್, ಲಾಂಗ್‌ಮನ್, ಕೋಬಿಲ್ಡ್ ಈ ಮೂರನ್ನೂ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ನೋಡಬಹುದು.

ಕನ್ನಡದ ಕಡೆಗೆ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಿಂದ ಇದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ'ಯಲ್ಲಿ ಹಲವು ನಿಘಂಟುಗಳು ಒಟ್ಟಿಗೆ ಸಿಗುತ್ತವೆ. ನಾನು ಹೇಳುವ ಕ್ರಮ ಇಷ್ಟು. ಮೊದಲು ಇಂಗ್ಲಿಷ್ ಅರ್ಥ ಮತ್ತು ಉದಾಹರಣೆ ಓದಿ. ಮನಸ್ಸಿನಲ್ಲಿ ಒಂದು ಕನ್ನಡ ಪದ ಹೊಳೆಯಲಿ. ಆಮೇಲೆ ಕನ್ನಡ ನಿಘಂಟು ತೆರೆದು ತಾಳೆ ನೋಡಿ. ಮೊದಲೇ ಕನ್ನಡ ಅರ್ಥ ನೋಡಿಬಿಟ್ಟರೆ ಮನಸ್ಸು ಅಲ್ಲಿಗೇ ನಿಂತುಬಿಡುತ್ತದೆ, ಉದಾಹರಣೆಯ ಕಡೆ ಕಣ್ಣೇ ಹೋಗುವುದಿಲ್ಲ.

ಉದಾಹರಣೆ ವಾಕ್ಯದಲ್ಲಿ ಏನನ್ನು ಗಮನಿಸಬೇಕು?

ಪದದ ಅಕ್ಕಪಕ್ಕ ಯಾರಿದ್ದಾರೆ ಅನ್ನುವುದನ್ನು. ಪದಗಳಿಗೂ ನೆಂಟರಿರುತ್ತಾರೆ. ಕನ್ನಡದಲ್ಲಿ ಬೀಡಿ ಸೇದುತ್ತೇವೆ, ಬಾವಿಯಿಂದ ನೀರೂ ಸೇದುತ್ತೇವೆ. ಕನಸು ಬೀಳುತ್ತದೆ, ನಿದ್ದೆ ಬರುತ್ತದೆ. 'ನಿದ್ದೆ ಬಿತ್ತು' ಅಂದರೆ ಮಗು ಕೂಡ ನಗುತ್ತದೆ. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ, ಹಾಗೇ ಹೇಳುವುದು, ಅಷ್ಟೇ.

ಇಂಗ್ಲಿಷಿನಲ್ಲೂ ಹಾಗೇ. ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್', ಕಾಫಿಯೂ 'ಸ್ಟ್ರಾಂಗ್'. ನಾವು ತಪ್ಪು 'ಮಾಡುತ್ತೇವೆ', ಆದ್ದರಿಂದ 'ಡೂ ಎ ಮಿಸ್ಟೇಕ್' ಅನ್ನುತ್ತೇವೆ. ಅವರು 'ಮೇಕ್ ಎ ಮಿಸ್ಟೇಕ್' ಅನ್ನುತ್ತಾರೆ. ನಾವು ಒಂದು ವಿಷಯದ 'ಬಗ್ಗೆ' ಚರ್ಚೆ ಮಾಡುತ್ತೇವೆ, ಆದ್ದರಿಂದ 'ಡಿಸ್ಕಸ್ ಅಬೌಟ್' ಅಂತ ಬರುತ್ತದೆ. ಇಂಗ್ಲಿಷಿನಲ್ಲಿ 'ಡಿಸ್ಕಸ್' ಆದಮೇಲೆ ನೇರವಾಗಿ ವಿಷಯವೇ ಬರಬೇಕು, 'ಅಬೌಟ್' ಬೇಡ. ಇಂಥ ತಪ್ಪು ಗ್ರಾಮರ್ ಪುಸ್ತಕ ಓದಿ ಹೋಗುವುದಿಲ್ಲ. ಸರಿಯಾದ ವಾಕ್ಯ ನಾಲ್ಕು ಸಲ ಕಣ್ಣಿಗೆ ಬಿದ್ದು, ಎರಡು ಸಲ ಬಾಯಲ್ಲಿ ಬಂದರೆ ಹೋಗುತ್ತದೆ. ಅದಕ್ಕೇ ನನ್ನ ವಿದ್ಯಾರ್ಥಿಗಳು ನೋಟ್‌ಬುಕ್ಕಿನಲ್ಲಿ 'ಡಿಸ್ಕಸ್' ಅಂತ ಒಂಟಿ ಪದ ಬರೆಯುವ ಹಾಗಿಲ್ಲ. 'ಡಿಸ್ಕಸ್ ದ ಪ್ರಾಬ್ಲಮ್' ಅಂತ ಜೋಡಿಯಾಗಿಯೇ ಬರೆಯಬೇಕು.

ಸ್ವಂತ ವಾಕ್ಯ ಬರೆಯಿರಿ ಅನ್ನುತ್ತೀರಿ. ಏನು ಬರೆಯುವುದು ಅಂತಲೇ ತೋಚುವುದಿಲ್ಲ.

ತೋಚದಿದ್ದಾಗ ಎಲ್ಲರೂ 'ಹಿ ಈಸ್ ರಿಲಕ್ಟಂಟ್' ಅಂತ ಬರೆದು ಮುಗಿಸುತ್ತಾರೆ. ಆ ಜಾಗದಲ್ಲಿ ಟಾಲ್, ಹ್ಯಾಪಿ, ಸಿಕ್ ಏನು ಹಾಕಿದರೂ ವಾಕ್ಯ ನಿಲ್ಲುತ್ತದೆ. ಅಂದರೆ ಆ ವಾಕ್ಯ ನಿಮ್ಮ ಪದವನ್ನು ಹಿಡಿದುಕೊಂಡೇ ಇಲ್ಲ. ಪದವನ್ನು ಅಳಿಸಿ ವಾಕ್ಯವನ್ನು ಗೆಳೆಯರಿಗೆ ಕೊಡಿ. ಅಲ್ಲಿ ಏನು ಬರಬೇಕು ಅಂತ ಅವರು ಊಹಿಸುವಂತಿದ್ದರೆ ಅದು ಒಳ್ಳೆಯ ವಾಕ್ಯ.

ವಿಷಯಕ್ಕೆ ದೂರ ಹೋಗಬೇಡಿ. ನಿಮ್ಮ ಮನೆ, ನಿಮ್ಮ ಊರಿನ ಬಸ್ಸು, ಕರೆಂಟು, ಜಗಳ, ಜಾತ್ರೆ ಸಾಕು. ನನ್ನ ಕ್ಲಾಸಿನ ಒಬ್ಬ ಹುಡುಗಿ ಒಮ್ಮೆ ಹೀಗೆ ಬರೆದಳು: 'ಮೈ ಗ್ರ್ಯಾಂಡ್‌ಮದರ್ ವಾಸ್ ರಿಲಕ್ಟಂಟ್ ಟು ಸೆಲ್ ದ ಕೌ, ಬಟ್ ವಿ ನೀಡೆಡ್ ಮನಿ ಫಾರ್ ಮೈ ಫೀಸ್.' ಫೀಸ್ ಕಟ್ಟಲು ದುಡ್ಡು ಬೇಕಿತ್ತು, ಅಜ್ಜಿಗೆ ಹಸು ಮಾರಲು ಮನಸ್ಸಿರಲಿಲ್ಲ. ಅವಳು ಓದಿದಾಗ ಕ್ಲಾಸು ಸುಮ್ಮನಾಯಿತು. ಆ ದಿನ ಅಲ್ಲಿದ್ದ ಯಾರೂ ಆ ಪದವನ್ನು ಮರೆತಿಲ್ಲ, ನಾನೂ ಸೇರಿ.

ಬರೆದದ್ದು ಸರಿ ಇದೆಯೇ ಅಂತ ನೋಡಲು ಟೀಚರ್ ಸಿಗದಿದ್ದರೆ ಡಿಕ್ಷನರಿಯ ಉದಾಹರಣೆಯನ್ನೇ ಅಚ್ಚಾಗಿ ಇಟ್ಟುಕೊಳ್ಳಿ. ಅದರಲ್ಲಿ 'ರಿಲಕ್ಟಂಟ್ ಟು' ಇದ್ದರೆ ನಿಮ್ಮದರಲ್ಲೂ ಅದೇ ಇರಲಿ. ಜನ, ಜಾಗ, ಕೆಲಸ ಮಾತ್ರ ಬದಲಿಸಿ.

ದಿನಕ್ಕೆ ಎಷ್ಟು ಪದ ಕಲಿಯಬೇಕು? ಯಾವುದರಿಂದ ಶುರು ಮಾಡಲಿ?

ಐದು. ಇಪ್ಪತ್ತು ಬರೆದುಕೊಂಡು ಹದಿನೆಂಟು ಮರೆಯುವುದಕ್ಕಿಂತ ಐದರಲ್ಲಿ ನಾಲ್ಕು ಉಳಿಯುವುದು ಲಾಭ.

ಯಾವುದು ಅನ್ನುವುದಕ್ಕೆ ಸ್ವಲ್ಪ ಲೆಕ್ಕ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಲಕ್ಷಗಟ್ಟಲೆ ಪದಗಳಿದ್ದರೂ ಎಲ್ಲವೂ ಸಮಾನವಾಗಿ ಬಳಕೆಯಾಗುವುದಿಲ್ಲ. ತೀರಾ ಬಳಕೆಯ ಸುಮಾರು 2,000 ಪದಗಳು ಗೊತ್ತಿದ್ದರೆ ಸಾಮಾನ್ಯ ಬರಹದ ಹತ್ತು ಪದಗಳಲ್ಲಿ ಎಂಟರಷ್ಟು ಪರಿಚಯದ್ದೇ ಆಗಿರುತ್ತವೆ. ನಾನು ಮೇಲೆ ಹೇಳಿದ ಮೈಕೆಲ್ ವೆಸ್ಟ್ ಅವರೇ 1953ರಲ್ಲಿ ಅಂಥ ಪಟ್ಟಿಯೊಂದನ್ನು ಪ್ರಕಟಿಸಿದ್ದರು. ಆದರೆ ಉಳಿದ ಎರಡು ಪದಗಳೇ ಅರ್ಥವನ್ನು ಹಿಡಿದಿಟ್ಟುಕೊಂಡಿರುತ್ತವೆ. ಅದಕ್ಕೇ 'ಓದಿದರೆ ಅರ್ಧ ಗೊತ್ತಾಗುತ್ತೆ, ಅರ್ಧ ಇಲ್ಲ' ಅನ್ನಿಸುವುದು. ಪೇಪರ್, ಕಾದಂಬರಿಗಳನ್ನು ತಡವರಿಸದೆ ಓದಲು 8,000ದಿಂದ 9,000 ಪದ ಕುಟುಂಬಗಳು ಬೇಕು ಅಂತ ನ್ಯೂಜಿಲೆಂಡಿನ ಭಾಷಾ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಪದ ಕುಟುಂಬ ಅಂದರೆ ಹೆಲ್ಪ್, ಹೆಲ್ಪ್‌ಫುಲ್, ಹೆಲ್ಪ್‌ಲೆಸ್ ಎಲ್ಲ ಸೇರಿ ಒಂದು. ಸಂಖ್ಯೆ ನೋಡಿ ಎದೆಗುಂದಬೇಡಿ. ಅದು ಹಲವು ವರ್ಷದ ಓದಿನಲ್ಲಿ ತುಂಬುವ ಕಣಜ.

ಬುನಾದಿ ಗಟ್ಟಿಯಿಲ್ಲ ಅನ್ನಿಸಿದರೆ 'ಆಕ್ಸ್‌ಫರ್ಡ್ 3000' ಅನ್ನುವ ಪಟ್ಟಿ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಗೊತ್ತಿಲ್ಲದ್ದಕ್ಕೆ ಗುರುತು ಹಾಕಿಕೊಳ್ಳಿ. ಬುನಾದಿ ಇದ್ದರೆ ನಿಮ್ಮದೇ ಓದಿನಿಂದ ಆರಿಸಿ. ಒಂದು ಪದ ವಾರದಲ್ಲಿ ಮೂರು ಸಲ ಎದುರಾದರೆ ಅದು ನಿಮ್ಮ ಮನೆ ಬಾಗಿಲು ತಟ್ಟುತ್ತಿದೆ ಅಂತಲೇ ತಿಳಿಯಿರಿ.

ಇವತ್ತು ಓದಿದ್ದು ನಾಳೆ ಮರೆತುಹೋಗುತ್ತದೆ. ನನ್ನ ತಲೆಯೇ ಹೀಗಾ?

ಅಲ್ಲ. ಎಲ್ಲರ ತಲೆಯೂ ಹೀಗೇ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿ 1885ರಲ್ಲಿ ಇದನ್ನು ಬರೆದಿಟ್ಟ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದ. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜೋರಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. ವಾಕ್ಯವಿಲ್ಲದೆ ಪಟ್ಟಿ ಉರು ಹೊಡೆಯುವಾಗ ನಾವು ಮಾಡುವುದೂ ಹೆಚ್ಚು ಕಡಿಮೆ ಅದನ್ನೇ, ಅರ್ಥವಿಲ್ಲದ ಶಬ್ದ ತುಂಬಿಕೊಳ್ಳುವುದನ್ನೇ.

ಪರಿಹಾರ ಇಷ್ಟು: ಮರೆಯುವ ಹೊತ್ತಿಗೆ ಒಮ್ಮೆ ನೆನಪಿಸಿಕೊಳ್ಳುವುದು, ಮತ್ತು ಆ ಅಂತರವನ್ನು ಹಿಗ್ಗಿಸುತ್ತಾ ಹೋಗುವುದು. ನಾಳೆ, ಮೂರು ದಿನಕ್ಕೆ, ವಾರಕ್ಕೆ, ಹದಿನೈದು ದಿನಕ್ಕೆ, ತಿಂಗಳಿಗೆ. 'ನೆನಪಿಸಿಕೊಳ್ಳುವುದು' ಅಂದರೆ ಮತ್ತೆ ಓದುವುದಲ್ಲ. ಅರ್ಥವನ್ನು ಮುಚ್ಚಿಟ್ಟು ತಲೆಯಿಂದ ಹೊರಗೆ ತೆಗೆಯುವುದು. ತಡಕಾಡಿದರೂ ಪರವಾಗಿಲ್ಲ, ತಡಕಾಡಿ ಸಿಕ್ಕಿದ್ದು ಗಟ್ಟಿಯಾಗಿ ಉಳಿಯುತ್ತದೆ.

ಇದಕ್ಕೆ ಸೆಬಾಸ್ಟಿಯನ್ ಲೈಟ್ನರ್ ಅನ್ನುವವರು 1972ರಲ್ಲಿ ಡಬ್ಬದ ವಿಧಾನ ಕೊಟ್ಟರು. ನಾನು ಅದನ್ನು ಮದುವೆ ಕಾರ್ಡುಗಳಲ್ಲಿ ಮಾಡಿಸುತ್ತೇನೆ. ಪ್ರತಿ ಮನೆಯಲ್ಲೂ ಹಳೆಯ ಲಗ್ನಪತ್ರಿಕೆಗಳ ಕಟ್ಟು ಇರುತ್ತದಲ್ಲ, ಒಳ್ಳೆಯ ದಪ್ಪ ಕಾಗದ. ಖಾಲಿ ಭಾಗಗಳನ್ನು ಚೀಟಿಗಳಾಗಿ ಕತ್ತರಿಸಿ. ಒಂದು ಕಡೆ ಪದ ಖಾಲಿ ಬಿಟ್ಟ ವಾಕ್ಯ, ಇನ್ನೊಂದು ಕಡೆ ಪದ ಮತ್ತು ಅರ್ಥ. ಚಪ್ಪಲಿ ಡಬ್ಬದಲ್ಲಿ ನಾಲ್ಕು ಖಾನೆ ಮಾಡಿ. ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗಲಿ, ತಪ್ಪಿದ್ದು ಮೊದಲ ಖಾನೆಗೆ ವಾಪಸ್ ಬರಲಿ. ಮೊದಲ ಖಾನೆಯನ್ನು ದಿನಾ ನೋಡಿ, ಕೊನೆಯದನ್ನು ತಿಂಗಳಿಗೊಮ್ಮೆ. ಮೊಬೈಲಿನಲ್ಲೇ ಬೇಕು ಅನ್ನುವವರಿಗೆ 'ಅಂಕಿ' ಅನ್ನುವ ಆ್ಯಪ್ ಇದೇ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ ಅದು ಪುಕ್ಕಟೆ.

ದೊಡ್ಡ ದೊಡ್ಡ ಪದ ಬರುತ್ತದೆ. ಆದರೂ ಪ್ಯಾಸೇಜ್ ಅರ್ಥವಾಗುವುದಿಲ್ಲ. ಯಾಕೆ?

ಸಣ್ಣ ಪದಗಳಲ್ಲಿ ಸಿಕ್ಕಿಕೊಂಡಿದ್ದೀರಿ. ಇದು ನನಗೆ ಅತಿ ಮುಖ್ಯ ಅನ್ನಿಸುವ ಪ್ರಶ್ನೆ. ಅನ್‌ಲೆಸ್, ವೇರ್‌ಆ್ಯಸ್, ಹಾರ್ಡ್‌ಲಿ, ಪ್ರೊವೈಡೆಡ್, ಹೆನ್ಸ್, ನೆಗ್ಲಿಜಿಬಲ್, ರೆಸ್ಪೆಕ್ಟಿವ್‌ಲಿ. ಇವು ಯಾವ ಪದಪಟ್ಟಿಯಲ್ಲೂ ಮೆರೆಯುವುದಿಲ್ಲ. ಆದರೆ ಪರೀಕ್ಷೆಯ ಪ್ರಶ್ನೆ ನಿಲ್ಲುವುದೇ ಇವುಗಳ ಮೇಲೆ.

'ಅನ್‌ಲೆಸ್' ನೋಡಿ. 'ಐ ವಿಲ್ ಕಮ್ ಅನ್‌ಲೆಸ್ ಇಟ್ ರೇನ್ಸ್.' ಮಳೆ ಬಾರದಿದ್ದರೆ ಬರುತ್ತೇನೆ. ಕನ್ನಡದಲ್ಲಿ 'ಇಲ್ಲ' ಅನ್ನುವುದು ಕ್ರಿಯಾಪದದ ಒಳಗೇ ಕೂತಿದೆ: ಬಾರದಿದ್ದರೆ. ಅದಕ್ಕೇ ಮಕ್ಕಳು 'ಅನ್‌ಲೆಸ್ ಇಟ್ ಡಸ್ ನಾಟ್ ರೇನ್' ಅಂತ ಬರೆಯುತ್ತಾರೆ. ಅರ್ಥ ಉಲ್ಟಾ ಆಯಿತು, ಮಳೆ ಬಂದರೆ ಮಾತ್ರ ಬರುತ್ತೇನೆ ಅಂದ ಹಾಗಾಯಿತು! ಇಂಗ್ಲಿಷಿನಲ್ಲಿ ಆ 'ಇಲ್ಲ' 'ಅನ್‌ಲೆಸ್' ಒಳಗೇ ಇದೆ, ಇನ್ನೊಂದು ಬೇಡ.

'ಫ್ಯೂ' ಮತ್ತು 'ಎ ಫ್ಯೂ' ಕೂಡ ಹಾಗೇ. ಡಿಕ್ಷನರಿ ಎರಡಕ್ಕೂ 'ಕೆಲವು' ಅಂದುಬಿಡುತ್ತದೆ. 'ಕೆಲವರು ಬಂದಿದ್ದರು' ಅಂದರೆ 'ಎ ಫ್ಯೂ'. 'ಬಂದದ್ದು ಕೆಲವರೇ' ಅಂದರೆ 'ಫ್ಯೂ'. ನಮ್ಮ ಆ ಒಂದು 'ಏ' ಮಾಡುವ ಕೆಲಸವನ್ನು ಅವರ ಒಂದು 'ಎ' ಬಿಟ್ಟುಹೋಗಿ ಮಾಡುತ್ತದೆ. 'ಹಾರ್ಡ್‌ಲಿ'ಗೂ 'ಹಾರ್ಡ್'ಗೂ ಈಗ ಸಂಬಂಧವೇ ಇಲ್ಲ. 'ಹಿ ಹಾರ್ಡ್‌ಲಿ ವರ್ಕ್ಸ್' ಅಂದರೆ ಕಷ್ಟಪಟ್ಟು ದುಡಿಯುತ್ತಾನೆ ಅಂತ ಅಲ್ಲ, ಕೆಲಸ ಮಾಡುವುದೇ ಇಲ್ಲ ಅನ್ನುವಷ್ಟು ಕಡಿಮೆ ಅಂತ.

ಗೊತ್ತಿಲ್ಲದ ಪದ ಬಂದ ಕೂಡಲೇ ಡಿಕ್ಷನರಿ ನೋಡಬೇಕಾ?

ಬೇಡ. ಮೊದಲು ಪ್ಯಾರಾ ಮುಗಿಸಿ, ಒಂದು ಊಹೆ ಮಾಡಿ, ಪೆನ್ಸಿಲಿನಲ್ಲಿ ಬರೆಯಿರಿ. ಆಮೇಲೆ ತಾಳೆ ನೋಡಿ. ಊಹೆ ತಪ್ಪಾದರೂ ನಷ್ಟವಿಲ್ಲ, ಊಹಿಸಿ ನೋಡಿದ ಪದ ಸುಮ್ನೆ ನೋಡಿದ ಪದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಆದರೆ ತಾಳೆ ನೋಡುವುದನ್ನು ಬಿಡಬೇಡಿ. ಔಷಧಿ, ಬ್ಯಾಂಕು, ಕೋರ್ಟಿನ ಕಾಗದಗಳಲ್ಲಿ ಮಾತ್ರ ಊಹೆಯೇ ಬೇಡ, ನೇರ ಡಿಕ್ಷನರಿ.

ಪದಗಳನ್ನು ಒಡೆದು ಅರ್ಥ ಹಿಡಿಯಬಹುದಂತೆ, ಹೌದಾ?

ಬಹಳ ಸಲ ಹೌದು. 'ಪೋರ್ಟ್' ಅನ್ನುವ ಲ್ಯಾಟಿನ್ ಬೇರಿಗೆ ಹೊರುವುದು, ಸಾಗಿಸುವುದು ಅಂತ ಅರ್ಥ. ಎಕ್ಸ್‌ಪೋರ್ಟ್ ಹೊರಗೆ ಸಾಗಿಸುವುದು, ಇಂಪೋರ್ಟ್ ಒಳಗೆ ತರುವುದು, ಪೋರ್ಟಬಲ್ ಹೊತ್ತೊಯ್ಯಬಹುದಾದ್ದು. ನಾವು ಸಾಧ್ಯ-ಅಸಾಧ್ಯ ಅನ್ನುವ ಹಾಗೆ ಅವರದ್ದು ಪಾಸಿಬಲ್-ಇಂಪಾಸಿಬಲ್.

ಇಲ್ಲಿ ನನಗೆ ಬಹಳ ಖುಷಿ ಕೊಡುವ ಒಂದು ಸಂಗತಿ ಇದೆ. 'ಅಲ್ಲ' ಅನ್ನುವ ಆ ತುಣುಕು ಮೂಲದಲ್ಲಿ 'ಇನ್'. ಆದರೆ ಲೀಗಲ್ ಜೊತೆ 'ಇಲ್' ಆಗುತ್ತದೆ, ರೆಗ್ಯುಲರ್ ಜೊತೆ 'ಇರ್' ಆಗುತ್ತದೆ, ಪಾಸಿಬಲ್ ಜೊತೆ 'ಇಮ್' ಆಗುತ್ತದೆ. ಜಗತ್ ಸೇರಿ ನಾಥ ಜಗನ್ನಾಥ ಆದ ಹಾಗೆ, ಸತ್ ಸೇರಿ ಜನ ಸಜ್ಜನ ಆದ ಹಾಗೆ. ಶಾಲೆಯಲ್ಲಿ ಸಂಧಿ ಕಲಿತವರಿಗೆ ಇದು ಹೊಸದೇನಲ್ಲ, ಅಲ್ವಾ? ಕನ್ನಡ ಮಾಧ್ಯಮದ ಮಕ್ಕಳು ಇದನ್ನು ಇಂಗ್ಲಿಷ್ ಮಾಧ್ಯಮದವರಿಗಿಂತ ಬೇಗ ಹಿಡಿಯುವುದನ್ನು ಕಂಡಿದ್ದೇನೆ.

ಎಚ್ಚರಿಕೆ ಒಂದೇ. 'ಇನ್‌ವ್ಯಾಲ್ಯುಯಬಲ್' ಅಂದರೆ ಬೆಲೆಯಿಲ್ಲದ್ದು ಅಲ್ಲ, ಬೆಲೆ ಕಟ್ಟಲಾಗದ್ದು. 'ಇನ್‌ಫ್ಲೇಮಬಲ್' ಅಂದರೆ ಬೆಂಕಿ ಹತ್ತದ್ದು ಅಲ್ಲ, ಬೇಗ ಹತ್ತುವಂಥದ್ದು. ಒಡೆದು ಸಿಕ್ಕಿದ್ದು ಊಹೆ ಮಾತ್ರ, ತೀರ್ಪು ಉದಾಹರಣೆ ವಾಕ್ಯದ್ದು.

ನಾವು ದಿನಾ ಆಡುವ ಕನ್ನಡದಲ್ಲೇ ಎಷ್ಟೋ ಇಂಗ್ಲಿಷ್ ಪದಗಳಿವೆ. ಅವು ಸಹಾಯವಾಗುತ್ತವಾ?

ಖಂಡಿತ. ನಿಮಗೆ ಏನೂ ಬರುವುದಿಲ್ಲ ಅಂದುಕೊಳ್ಳಬೇಡಿ, ನೂರಾರು ಪದ ಆಗಲೇ ನಾಲಿಗೆ ಮೇಲಿವೆ. ಆದರೆ ಅವು ಇಲ್ಲಿಗೆ ಬಂದ ಮೇಲೆ ಇಲ್ಲಿಯ ಅರ್ಥ ಪಡೆದಿವೆ. ನಮಗೆ ಹೋಟೆಲ್ ಅಂದರೆ ಇಡ್ಲಿ ತಿನ್ನುವ ಜಾಗ, ಅವರಿಗೆ ಉಳಿದುಕೊಳ್ಳುವ ಜಾಗ. ನಾವು ಟೀಚರಿಗೆ 'ಡೌಟ್ ಇದೆ' ಅನ್ನುತ್ತೇವೆ, ಕೇಳಲು ಪ್ರಶ್ನೆ ಇದೆ ಅಂತ. ಬೇರೆ ದೇಶದವರಿಗೆ ಅದು 'ನೀವು ಹೇಳಿದ್ದರ ಮೇಲೆ ನನಗೆ ನಂಬಿಕೆ ಇಲ್ಲ' ಅಂತ ಕೇಳಿಸಬಹುದು. ಕಾಲೇಜು ಮುಗಿಸುವುದಕ್ಕೆ ನಾವು 'ಪಾಸ್ ಔಟ್' ಅನ್ನುತ್ತೇವೆ, ಬೇರೆ ಕಡೆ ಅದು ಪ್ರಜ್ಞೆ ತಪ್ಪಿ ಬೀಳುವುದು.

'ಸ್ಯಾಂಕ್ಷನ್' ಇನ್ನೂ ಒಳ್ಳೆಯ ಉದಾಹರಣೆ. ಲೋನ್ ಸ್ಯಾಂಕ್ಷನ್ ಆಯಿತು ಅಂದರೆ ಮಂಜೂರಾಯಿತು, ಹಳ್ಳಿಯಲ್ಲೂ ಗೊತ್ತು. ಅದೇ ಪದ ಪೇಪರಿನಲ್ಲಿ ಒಂದು ದೇಶದ ಮೇಲೆ 'ಸ್ಯಾಂಕ್ಷನ್ಸ್' ಅಂತ ಬಂದರೆ ನಿರ್ಬಂಧ, ಶಿಕ್ಷೆ. ಒಂದೇ ಪದ, ಹೆಚ್ಚು ಕಡಿಮೆ ವಿರುದ್ಧ ಅರ್ಥ. ಅಕ್ಕಪಕ್ಕದ ಪದ ನೋಡದೆ ಇದನ್ನು ಹೇಳಲು ಯಾರಿಂದಲೂ ಆಗುವುದಿಲ್ಲ.

ಹಾಗಂತ ನಮ್ಮ ಬಳಕೆ ತಪ್ಪು ಅಂತ ನಾನು ಒಪ್ಪುವುದಿಲ್ಲ. 'ಪ್ರಿಪೋನ್' (ಗೊತ್ತಾದ ದಿನಕ್ಕಿಂತ ಮೊದಲೇ ಇಟ್ಟುಕೊಳ್ಳುವುದು) ನಮ್ಮ ನೆಲದಲ್ಲಿ ಬೆಳೆದ ಪದ, ಈಗ ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೂ ಇದೆ. ಯಾರ ಹತ್ತಿರ ಮಾತಾಡುತ್ತಿದ್ದೇವೆ ಅಂತ ತಿಳಿದಿರಬೇಕು, ಅಷ್ಟೇ.

ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದುಕೊಂಡರೆ ಸಾಲದಾ?

ಶುರುವಿಗೆ ಸರಿ. ಆದರೆ ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ, ಇಂಗ್ಲಿಷ್ ಹಾಗಲ್ಲ. 'ಡೆಟ್' (ಸಾಲ) ಅನ್ನುವಾಗ 'ಬಿ' ಅಕ್ಷರ ಮೂಕ. ಫ್ರೆಂಚಿನಿಂದ ಬರುವಾಗ ಅದರಲ್ಲಿ 'ಬಿ' ಇರಲೇ ಇಲ್ಲ, ಲ್ಯಾಟಿನ್ ಮೂಲ ಕಾಣಲಿ ಅಂತ ಆಮೇಲೆ ಪಂಡಿತರು ಸೇರಿಸಿದ್ದು. 'ರಿಸೀಟ್'ನ 'ಪಿ' ಕೂಡ ಅದೇ ಜಾತಿ. ಆದ್ದರಿಂದ ಸ್ಪೆಲ್ಲಿಂಗ್ ನೋಡಿ ತಪ್ಪು ಓದಿದ್ದಕ್ಕೆ ಯಾರೂ ನಾಚಬೇಕಾಗಿಲ್ಲ.

ಇನ್ನೊಂದು ವಿಷಯ ಒತ್ತು, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳುತ್ತೇವೆ ಅನ್ನುವುದು. ಡಿಕ್ಷನರಿಯಲ್ಲಿ ಒತ್ತು ಬೀಳುವ ಭಾಗದ ಮುಂಚೆ ಮೇಲ್ಗಡೆ ಸಣ್ಣ ಗೀಟು ಇರುತ್ತದೆ. 'ಫೋಟೋಗ್ರಾಫ್'ನಲ್ಲಿ ಒತ್ತು ಮೊದಲ ತುಂಡಿಗೆ, 'ಫೋಟಾಗ್ರಫರ್'ನಲ್ಲಿ ಎರಡನೆಯದಕ್ಕೆ. ಆನ್‌ಲೈನ್ ಡಿಕ್ಷನರಿಯ ಸ್ಪೀಕರ್ ಗುರುತು ಒತ್ತಿ ಕೇಳಿ, ಜೋರಾಗಿ ಎರಡು ಸಲ ಹೇಳಿ.

ಸಮಾನಾರ್ಥಕ ಪದಗಳ ಪಟ್ಟಿ ಬಾಯಿಪಾಠ ಮಾಡಿದರೆ ಬ್ಯಾಂಕ್ ಪರೀಕ್ಷೆಗೆ ಆಗುತ್ತಲ್ವಾ?

ಒಂದೆರಡು ಅಂಕ ಬರಬಹುದು. ಆದರೆ ಆ ಪಟ್ಟಿಗಳಲ್ಲಿ 'ಫೇಮಸ್' ಪಕ್ಕ 'ನಟೋರಿಯಸ್' ಇಟ್ಟಿರುವುದನ್ನು ಕಂಡಿದ್ದೇನೆ. ಒಂದು ಹೆಸರುವಾಸಿ, ಇನ್ನೊಂದು ಕುಖ್ಯಾತ. ನಿಮ್ಮ ಮೇಷ್ಟ್ರನ್ನು ಹೊಗಳುವ ಭಾಷಣದಲ್ಲಿ ಎರಡನೆಯದು ಬಂದರೆ ಏನಾಗಬಹುದು ಯೋಚಿಸಿ. ಪಟ್ಟಿ ಇಟ್ಟುಕೊಳ್ಳಿ, ಪ್ರತಿ ಪದದ ಎದುರು ಒಂದು ವಾಕ್ಯ ಸೇರಿಸಿ.

ಮೊಬೈಲಿನ ಅನುವಾದ, ಎಐ ಇವೆಯಲ್ಲ, ಡಿಕ್ಷನರಿ ಯಾಕೆ?

ಬಳಸಿ. 'ಈ ಪದಕ್ಕೆ ಐದು ಸುಲಭದ ವಾಕ್ಯ ಕೊಡು' ಅಂತ ಕೇಳಲು ಎಐ ಚೆನ್ನಾಗಿದೆ. ಅದು ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ, ಆದ್ದರಿಂದ ಅರ್ಥವನ್ನು ಡಿಕ್ಷನರಿಯಲ್ಲಿ ಖಾತ್ರಿ ಮಾಡಿಕೊಳ್ಳಿ. ನಿಮ್ಮ ವಾಕ್ಯವನ್ನು ಮಾತ್ರ ಅದರ ಕೈಲಿ ಬರೆಸಬೇಡಿ.

ನಮ್ಮ ಅಮ್ಮನಿಗೆ ಐವತ್ತು ದಾಟಿದೆ. ಈಗ ಕಲಿಯಲು ಆಗುತ್ತಾ?

ಆಗುತ್ತದೆ. ಅವರಿಗೆ ಬೇಕಾದ ಪದಗಳಿಂದ ಶುರು ಮಾಡಿ. ನಮ್ಮ ಅಮ್ಮ ಏಳನೇ ತರಗತಿವರೆಗೆ ಓದಿದವರು. ಬಿಪಿ ಮಾತ್ರೆ ಶುರುವಾದಾಗ ಚೀಟಿಯಲ್ಲಿ ಏನಿದೆ ಅಂತ ತಾವೇ ಓದಬೇಕು ಅಂದರು. ಮೊದಲ ವಾರ 'ಬಿಫೋರ್ ಫುಡ್', 'ಆಫ್ಟರ್ ಫುಡ್', 'ಎಕ್ಸ್‌ಪೈರಿ'. ಆಮೇಲೆ 'ಎಂಪ್ಟಿ ಸ್ಟಮಕ್'. 'ಎಂಪ್ಟಿ' ಅಂದರೆ ಖಾಲಿ ಅಂದೆ. ಅವರು ಅಡುಗೆಮನೆಯಲ್ಲಿ ಒಂದೊಂದೇ ಡಬ್ಬ ತೆರೆದು ನೋಡುತ್ತಾ 'ಎಂಪ್ಟಿ ಡಬ್ಬ', 'ಎಂಪ್ಟಿ ಗ್ಲಾಸ್' ಅನ್ನುತ್ತಿದ್ದರು. ನಾಲ್ಕನೇ ತಿಂಗಳಿಗೆ 'ಡ್ರೌಸಿ' ಅನ್ನುವ ಪದಕ್ಕೆ ಬಂದೆವು. ತೂಕಡಿಕೆ ಬರುವುದು ಅಂತ ಹೇಳಿ, ಒಂದು ವಾಕ್ಯ ಮಾಡಮ್ಮ ಅಂದೆ. ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಹೇಳಿದರು: 'ಆಫ್ಟರ್ ಮುದ್ದೆ, ಯುವರ್ ಫಾದರ್ ಈಸ್ ಡ್ರೌಸಿ.'